ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಪ್ರೌಢಶಾಲಾ ಸುರಕ್ಷತೆ

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ 8ರಿಂದ 10ನೇ ತರಗತಿಯ ವಿದ್ಯಾರ್ಥಿಗಳಿಗೂ ಶಾಲಾ ಸಿಬ್ಬಂದಿಗೂ ಒದಗುವ ಅಪಾಯಗಳು ಮತ್ತು ಅವುಗಳನ್ನು ತಡೆಯುವ ಕ್ರಮಗಳು ಈ ಲೇಖನದ ವಿಷಯ. ನಗರದ ಶಾಲೆಗಳಲ್ಲಿ ಸುರಕ್ಷತೆಯ ಮಾತು ಬಂದರೆ ಗೇಟು, ಕಾವಲುಗಾರ, ಸಿಸಿ ಕ್ಯಾಮೆರಾ ಮುಂದೆ ಬರುತ್ತವೆ. ಇಲ್ಲಿ ಅದು ಮೊದಲಿಗೆ ನೆಲ, ನೀರು ಮತ್ತು ದಾರಿಯ ಪ್ರಶ್ನೆ.

ಪ್ರದೇಶ

ಮೂರೂ ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 150ಎ ಮೇಲಿವೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಹಳ್ಳಿಗಳ ನಡುವೆ ವಲಸಿಗರ ಕ್ಯಾಂಪುಗಳು ಹರಡಿವೆ. ಲಿಂಗಸುಗೂರಿನ ಉತ್ತರಕ್ಕೆ ಕೃಷ್ಣಾ ನದಿ, ಒಳಗೆ ಹಟ್ಟಿ ಚಿನ್ನದ ಗಣಿ. ಎರಡರ ನಡುವಿನ ಮಸ್ಕಿ ಇತ್ತೀಚೆಗೆ ತಾಲ್ಲೂಕಾಯಿತು.

ಎರೆಭೂಮಿಯ ಮೇಲಿನ ಕಟ್ಟಡ

ಈ ಭಾಗದ ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಕಟ್ಟಡದ ನಡುಭಾಗದ ಕೆಳಗಿನ ಮಣ್ಣು ತೇವ ಉಳಿಸಿಕೊಳ್ಳುತ್ತದೆ. ಅಂಚಿನದು 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಒಣಗುತ್ತದೆ. ತಳಪಾಯದ ಒಂದು ಬದಿ ಏಳುತ್ತದೆ, ಇನ್ನೊಂದು ಇಳಿಯುತ್ತದೆ. ಆಗ ಕಿಟಕಿ, ಬಾಗಿಲುಗಳ ಮೂಲೆಯಿಂದ ಗೋಡೆಯಲ್ಲಿ ಓರೆ ಬಿರುಕು ಹೊರಡುತ್ತದೆ. ಭಾರವಾದ ಬಹುಮಹಡಿ ಕಟ್ಟಡ ಮಣ್ಣಿನ ಉಬ್ಬರವನ್ನು ತನ್ನ ತೂಕದಿಂದ ಅದುಮಿ ಹಿಡಿಯಬಲ್ಲದು. ಒಂದೇ ಅಂತಸ್ತಿನ ಹಗುರ ಶಾಲಾ ಕೊಠಡಿಗೆ ಆ ಶಕ್ತಿಯಿಲ್ಲ. ಎಲ್ಲಕ್ಕಿಂತ ಹಗುರಾದ ಕಾಂಪೌಂಡ್ ಗೋಡೆಯೇ ಮೊದಲು ವಾಲುವುದು. ಮಕ್ಕಳು ಊಟಕ್ಕೆ, ಆಟಕ್ಕೆ ಅದರ ನೆರಳಿಗೇ ಹೋಗುತ್ತಾರೆಂಬುದನ್ನು ತಪಾಸಣೆ ಮಾಡುವವರು ಮರೆಯಬಾರದು.

ಕಾಲುವೆ ಪ್ರದೇಶದಲ್ಲಿ ಇನ್ನೊಂದು ತೊಡಕಿದೆ. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯ ಸೋರಿಕೆ, ಗದ್ದೆಗಳಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೀರು ಅಂತರ್ಜಲವನ್ನು ಮೇಲಕ್ಕೆ ತರುತ್ತವೆ. ನೀರಿನ ಜೊತೆ ಲವಣವೂ ಏರುತ್ತದೆ. ರೈತರು ಸವಳು, ಜವಳು ಎಂದು ಗೋಳಾಡುವ ಇದೇ ಕಾಟ ಗೋಡೆಗೂ ತಗಲುತ್ತದೆ. ಗಿಲಾವು ಪುಡಿಯಾಗುತ್ತದೆ, ತೇವ ತಗಲಿದಲ್ಲಿ ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿದು ಊದಿಕೊಳ್ಳುತ್ತದೆ. ಮಳೆನೀರು ಸೋರುವ ತಾರಸಿಯಲ್ಲೂ ಸರಳಿನ ಗತಿ ಇದೇ. ಚಾವಣಿಯ ಚಕ್ಕೆ ಕಳಚಿ ಬೀಳುವುದು ಇದರಿಂದಲೇ. ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪಲೋದಿಯಲ್ಲಿ 2025ರ ಜುಲೈ 25ರಂದು ಸರ್ಕಾರಿ ಶಾಲೆಯ ಚಾವಣಿ ಕುಸಿದು 7 ಮಕ್ಕಳು ಸತ್ತ ಮೇಲೆ ಶಾಲಾ ಕಟ್ಟಡಗಳ ತಪಾಸಣೆಗೆ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಸೂಚಿಸಿತು. ಬಿರುಕಿಗೆ ಸಿಮೆಂಟ್ ಮೆತ್ತಿ ಸುಣ್ಣ ಬಳಿಯುವುದನ್ನು ದುರಸ್ತಿ ಎನ್ನಲಾಗದು.

ಪರಿಹಾರಗಳು ಹೊಸವಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ತಳದಲ್ಲಿ ಗುಂಬದಂತೆ ಅಗಲಿಸಿದ ಕಂಬಗಳ ತಳಪಾಯ ಭಾರವನ್ನು ಉಬ್ಬು-ಕುಗ್ಗಿನ ಪದರದ ಕೆಳಕ್ಕೆ ಇಳಿಸುತ್ತದೆ. ಐಐಟಿ ಬಾಂಬೆಯ ಆರ್.ಕೆ. ಕಟ್ಟಿ ಎರೆಮಣ್ಣಿನ ಮೇಲೆ ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರ ಹಾಸುವ ವಿಧಾನವನ್ನು ಬೆಳೆಸಿದರು. ಮಲಪ್ರಭಾ ಕಾಲುವೆಯಲ್ಲಿ ಅದು ಬಳಕೆಗೆ ಬಂತು. ಹಳೆಯ ಕಟ್ಟಡಕ್ಕೆ ಸುಲಭದ ಉಪಾಯವೂ ಇದೆ: ಸುತ್ತಲೂ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಹಾಸು, ತಾರಸಿ ನೀರಿಗೆ ಚರಂಡಿ, ಸೋರುವ ನಲ್ಲಿ ಮತ್ತು ಶೌಚಾಲಯದ ಪೈಪುಗಳ ದುರಸ್ತಿ, ಗೋಡೆಯಿಂದ ದೂರಕ್ಕೆ ಗಿಡ. ಅನುದಾನದ ಪಟ್ಟಿಯಲ್ಲಿ ಹೊಸ ಕೊಠಡಿಗೆ ಸಿಗುವ ಜಾಗ ಚರಂಡಿಗೆ ಸಿಗುವುದು ಅಪರೂಪ.

ಹೊಳೆ ಮತ್ತು ಹೆದ್ದಾರಿ

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣಾ ನದಿಗೆ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ಕಡದರಗಡ್ಡಿ, ಯಳಗುಂದಿ, ಹಂಚಿನಾಳ ಮೊದಲಾದ ನಡುಗಡ್ಡೆಯ ಊರುಗಳ ನೇರ ದಾರಿ ಕಡಿಯುತ್ತದೆ. ಆ ದಿನಗಳಲ್ಲಿ ಶಾಲೆಗೆ ಬರಲೇಬೇಕೆಂದು ಹಟ ಹಿಡಿಯದಿರುವುದೇ ಅತ್ಯುತ್ತಮ ಸುರಕ್ಷತಾ ಕ್ರಮ.

ಪ್ರೌಢಶಾಲೆ ಎಲ್ಲ ಊರಲ್ಲೂ ಇಲ್ಲ. ಆದ್ದರಿಂದ ಮಕ್ಕಳು ಬಸ್ಸು, ಟಂಟಂ, ಕ್ರೂಸರ್ ಹತ್ತುತ್ತಾರೆ. 2024ರ ಸೆಪ್ಟೆಂಬರ್ 5ರಂದು ನೆರೆಯ ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ಬಸ್ಸಿಗೂ ಸಾರಿಗೆ ಸಂಸ್ಥೆಯ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ವಿದ್ಯಾರ್ಥಿಗಳು ಸತ್ತರು. ಕೆಲವರು ಕಾಲು ಕಳೆದುಕೊಂಡರು. 2025ರ ಜನವರಿ 21ರ ರಾತ್ರಿ ಸಿಂಧನೂರು ತಾಲ್ಲೂಕಿನ ಅರಗಿನಮರ ಕ್ಯಾಂಪ್ ಬಳಿ ಮಂತ್ರಾಲಯದ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳಿದ್ದ ವಾಹನ ಉರುಳಿ ಮೂವರು ವಿದ್ಯಾರ್ಥಿಗಳು ಮತ್ತು ಚಾಲಕ ಸತ್ತರು. ಈ ಭಾಗದಲ್ಲಿ ಸುದ್ದಿಯಾಗುವ ದೊಡ್ಡ ಅವಘಡಗಳು ಬಹುಮಟ್ಟಿಗೆ ಶಾಲೆಯ ಆವರಣದ ಹೊರಗೆ ಆಗುವಂಥವು ಎನ್ನಬಹುದು.

ಕಾನೂನು

ತಮಿಳುನಾಡಿನ ಕುಂಭಕೋಣದಲ್ಲಿ 2004ರ ಜುಲೈ 16ರಂದು ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತ ಪ್ರಕರಣ ದೇಶದ ಶಾಲಾ ಸುರಕ್ಷತಾ ಚಿಂತನೆಯ ತಿರುವು. ಆ ದುರಂತದ ಹಿನ್ನೆಲೆಯಲ್ಲಿ ಹೂಡಿದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್ 13ರಂದು ಅಗ್ನಿಶಾಮಕ ಸಾಧನ ಮತ್ತು ತರಬೇತಿಯನ್ನು ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿತು.

ಮಕ್ಕಳನ್ನು ಹೊಡೆಯಬಾರದೆನ್ನುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ 6ರಿಂದ 14 ವರ್ಷದವರನ್ನು ಉದ್ದೇಶಿಸಿದ್ದು. 9, 10ನೇ ತರಗತಿಯ ಹಲವರು ಅದರ ನೇರ ರಕ್ಷಣೆಯ ಹೊರಗೆ ಉಳಿಯುತ್ತಾರೆ. ಅವರಿಗೆ 2015ರ ಬಾಲನ್ಯಾಯ ಕಾಯ್ದೆಯೇ ಆಸರೆ. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯ. ದೌರ್ಜನ್ಯ ಗೊತ್ತಾದ ಮೇಲೂ ಪೊಲೀಸರಿಗೆ ತಿಳಿಸದಿದ್ದರೆ ಅದೇ ಅಪರಾಧ. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆ ಇದೆ. ಮಕ್ಕಳ ಸಹಾಯವಾಣಿ 1098.

ಸಿಬ್ಬಂದಿ

ಈ ಭಾಗದ ಬರಹಗಳಲ್ಲಿ ಸಿಬ್ಬಂದಿಯ ಸುರಕ್ಷತೆಗೆ ಜಾಗ ಕಡಿಮೆ. ಮಸ್ಕಿ ವಿಧಾನಸಭಾ ಉಪಚುನಾವಣೆ ಕೋವಿಡ್ ಎರಡನೇ ಅಲೆಯ ನಡುವೆ, 2021ರ ಏಪ್ರಿಲ್ 17ರಂದು ನಡೆಯಿತು. ಸೋಂಕಿನ ಅಪಾಯವಿದ್ದರೂ ಮತಗಟ್ಟೆ ಕೆಲಸ ಎಂದಿನಂತೆ ಶಿಕ್ಷಕರ ಹೆಗಲಿಗೂ ಬಿತ್ತು. ಶಿಕ್ಷಕಿಯರಿಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯಿರುವ ಶಾಲೆಯಲ್ಲಿ ಆಂತರಿಕ ಸಮಿತಿ ಇರುವುದಿಲ್ಲವಾದ್ದರಿಂದ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ತಾಲ್ಲೂಕಿನ ನೋಡಲ್ ಅಧಿಕಾರಿ ಅದನ್ನು ಪಡೆದು 7 ದಿನಗಳೊಳಗೆ ಸಮಿತಿಗೆ ತಲುಪಿಸಬೇಕು.