ನಮ್ಮ ಭಾಗದ ಚಕ್ಕಲಿಯ ಚರಿತ್ರೆ

ದೀಪಾವಳಿ ರಜೆ ಮುಗಿಸಿ ಬಂದ ಮಕ್ಕಳ ಡಬ್ಬಿಯಲ್ಲಿ ಚಕ್ಕಲಿ ಇರುತ್ತದೆ. ಸಂಕ್ರಾಂತಿ ಮುಗಿದ ಮೇಲೆ ಅದೇ ಡಬ್ಬಿಯಲ್ಲಿ ಸಕಿನಾಲು. ಒಮ್ಮೆ ಏಳನೇ ತರಗತಿಯ ಹುಡುಗನೊಬ್ಬ, "ಸರ್, ಚಕ್ಕಲಿ ಕರ್ನಾಟಕದ್ದು, ಸಕಿನಾಲು ತೆಲಂಗಾಣದ್ದು ಅಂತಾರ. ಹಂಗಾದ್ರ ನಾವು ಯಾರು?" ಎಂದು ಕೇಳಿದ. ತರಗತಿ ನಕ್ಕಿತು, ನಮಗೆ ನಗು ಬರಲಿಲ್ಲ. ಇಲ್ಲಿ ನಮ್ಮ ಮಕ್ಕಳನ್ನು ಕನ್ನಡದವರು ಎನ್ನುತ್ತಾರೆ, ಬೀದರಿನ ನೆಂಟರ ಮನೆಗೆ ಹೋದರೆ ತೆಲುಗಿನವರು ಎನ್ನುತ್ತಾರೆ.

ಹುಡುಗನಿಗೆ ಮೊದಲು ನಕ್ಷೆ ತೋರಿಸಿದೆವು. ಹೈದರಾಬಾದ್ ರಾಜ್ಯವಿದ್ದಾಗ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಮೂರೂ ಆಂಧ್ರ ಪ್ರದೇಶಕ್ಕೆ ಸೇರಿದವು. ಜಹೀರಾಬಾದ್ ತಾಲೂಕಿನ ನಿರ್ಣಾ ಭಾಗ ಮಾತ್ರ ಆಚೆ ಉಳಿಯಿತು. ಬೀದರ್ ತಾಲೂಕಿನ ನ್ಯಾಲಕಲ್ ಭಾಗ ಈಚೆ ಬಂತು. ಮತ್ತೆ 2014ರಲ್ಲಿ ತೆಲಂಗಾಣ, 2016ರಲ್ಲಿ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳು. ಅಂದರೆ ನಮ್ಮ ಅಜ್ಜಿಯರು ಒಲೆಯ ಮುಂದಿನಿಂದ ಏಳಲೇ ಇಲ್ಲ, ಗಡಿಯೇ ಅವರ ಬೆನ್ನ ಹಿಂದೆ ಓಡಾಡಿತು.

ಇನ್ನು ಚಕ್ಕಲಿ. ಸಂಸ್ಕೃತದ ಹಳೆಯ ವೈದ್ಯಗ್ರಂಥಗಳಲ್ಲಿ 'ಶಷ್ಕುಲಿ' ಎಂಬ ತಿಂಡಿಯ ಹೆಸರಿದೆ. ಕಿವಿಯ ಹೊರಭಾಗಕ್ಕೂ 'ಕರ್ಣಶಷ್ಕುಲಿ' ಎಂದೇ ಹೆಸರು. ಕಿವಿಯ ಸುರುಳಿಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ, ಗೊತ್ತಾಗುತ್ತದೆ! ಚಕ್ಕುಲಿ ಅದರ ತದ್ಭವ. ಸಕಿನಾಲು ಎಂಬ ಹೆಸರೂ ಅದೇ ಮನೆತನದ್ದಿರಬೇಕು ಎಂದು ನಮಗೆ ಅನಿಸುತ್ತದೆ. ಇದು ಊಹೆ, ಪರೀಕ್ಷೆಯಲ್ಲಿ ಬರೆಯಬೇಡಿ.

ಕನ್ನಡದಲ್ಲಿ ಅಡುಗೆಯ ಬರವಣಿಗೆ ಹಳೆಯದು. 11ನೇ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕದ ಭಾಗವಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ' ಎಂಬ ಪುಸ್ತಕವನ್ನೇ ಷಟ್ಪದಿಯಲ್ಲಿ ಬರೆದ. ಇವರ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂತು. ಅಲ್ಲಿಯ ತನಕ ಖಾರಕ್ಕೆ ಕರಿಮೆಣಸು. ಇಂದು ಕರಿಯಲು ಬಳಸುವ ಶೇಂಗಾ ಎಣ್ಣೆಯ ಶೇಂಗಾ ಕೂಡ ಅದೇ ಖಂಡದ ಬೆಳೆ. ನಮ್ಮ ಕರಿಮಣ್ಣಿನ ಹೊಲಗಳಲ್ಲಿ ಹಿಂಗಾರಿಗೆ ಜೋಳದ ಜೊತೆ ಬಿತ್ತುತ್ತಿದ್ದದ್ದು ಕುಸುಬಿ. ಹಳಬರು ಇಂದಿಗೂ ಕುಸುಬಿ ಎಣ್ಣೆಯ ರುಚಿಯನ್ನು ನೆನೆಸುತ್ತಾರೆ. ಹೀಗೆ ನೋಡಿದರೆ ಡಬ್ಬಿಯಲ್ಲಿರುವ ಕೆಂಪು ಚಕ್ಕಲಿಯಲ್ಲಿ 'ನಮ್ಮದು' ಎಷ್ಟು, ಹೊರಗಿನದು ಎಷ್ಟು?

ಮಾಡುವ ರೀತಿಯಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸವಿದೆ. ನಮ್ಮ ಮನೆಯಲ್ಲಿ ಚಕ್ಕಲಿಗೆ ನಾಲ್ಕು ಪಾಲು ಅಕ್ಕಿ, ಒಂದು ಪಾಲು ಉದ್ದಿನ ಬೇಳೆ. ಬೇಳೆಯನ್ನು ಕಮ್ಮಗೆ ಹುರಿದು, ಎರಡನ್ನೂ ಕೂಡಿಸಿ ಗಿರಣಿಗೆ ಕೊಡುತ್ತೇವೆ. ಹಿಟ್ಟಿಗೆ ಎಳ್ಳು, ಜೀರಿಗೆ, ಅಜವಾನ, ಖಾರ, ಉಪ್ಪು, ಮೇಲೆ ಎರಡು ಚಮಚ ಕಾಯಿಸಿದ ಎಣ್ಣೆ. ಎಣ್ಣೆ ಹೆಚ್ಚಾದರೆ ಚಕ್ಕಲಿ ಕಡಾಯಿಯಲ್ಲೇ ಪುಡಿಯಾಗುತ್ತದೆ, ಕಡಿಮೆಯಾದರೆ ಹಲ್ಲಿಗೆ ಕೆಲಸ. ಸಾಚಾದಲ್ಲಿ ತುಂಬಿ ಒತ್ತಿ, ಮಧ್ಯಮ ಉರಿಯಲ್ಲಿ ಬಿಡಬೇಕು. ಸುತ್ತಲೂ ಏಳುವ ನೊರೆ ಹಿಟ್ಟಿನೊಳಗಿನ ನೀರು ಆವಿಯಾಗಿ ಹೋಗುತ್ತಿರುವ ಗುರುತು. ನೊರೆ ಅಡಗುವ ಮೊದಲೇ ತೆಗೆದರೆ ಮರುದಿನವೇ ಮೆತ್ತಗಾಗುತ್ತದೆ. (ಆವಿಯಾಗುವಿಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.)

ಸಕಿನಾಲಿಗೆ ಸಾಚಾ ಇಲ್ಲ, ಬೇಳೆಯೂ ಇಲ್ಲ. ನೆನೆಸಿದ ಅಕ್ಕಿಯ ಹಸಿಹಿಟ್ಟಿಗೆ ಎಳ್ಳು, ಅಜವಾನ ಕೂಡಿಸಿ, ಬಟ್ಟೆಯ ಮೇಲೆ ಬೆರಳಿನಿಂದಲೇ ಹೊಸೆಯುತ್ತಾ ಸುತ್ತು ಹಾಕಬೇಕು. ಸ್ವಲ್ಪ ಆರಿದ ಮೇಲೆ ಕರಿಯುವುದು. ನಾವು ಕಲಿಯಲು ಕೂತು ಎರಡನೇ ಸುತ್ತಿಗೇ ಸೋತೆವು, ಹಿಟ್ಟು ತುಂಡು ತುಂಡಾಯಿತು.

ಕಲಿಸಿದವರು ಆ ಹುಡುಗನ ಅಜ್ಜಿ. ದೀಪಾವಳಿಗೆ ಚಕ್ಕಲಿ, ಸಂಕ್ರಾಂತಿಗೆ ಸಕಿನಾಲು, ಎರಡನ್ನೂ ಒಂದೇ ಕಡಾಯಿಯಲ್ಲಿ ಕರಿಯುತ್ತಾರೆ. ಮೊಮ್ಮಗನ ಪ್ರಶ್ನೆಯನ್ನು ಹೇಳಿದಾಗ, "ಹಿಟ್ಟು ಗಟ್ಟಿ ಆತು ನೋಡ್ರಿ ಸರ್, ಒಂದೀಟು ನೀರು ಹಾಕ್ರಿ" ಎಂದರು.