ಬೆಂಗಳೂರಿನ ಪೇಟೆ: ಬೀದಿಗೊಂದು ಸರಕು

ಮೈಸೂರು ಬ್ಯಾಂಕ್ ವೃತ್ತದಿಂದ ದಕ್ಷಿಣಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ, ಅವೆನ್ಯೂ ರಸ್ತೆಯ ಎರಡೂ ಮಗ್ಗುಲಿಗೆ ಹೆಣೆದುಕೊಂಡಿರುವ ಬೀದಿಗಳನ್ನು ಬೆಂಗಳೂರಿನ ಹಳಬರು ಇಂದಿಗೂ ‘ಪೇಟೆ’ ಎಂದೇ ಕರೆಯುತ್ತಾರೆ. ನಗರ ಎಷ್ಟೇ ದೂರ ಹಬ್ಬಿದರೂ ಮೂಲ ಬೆಂಗಳೂರು ಇದೇ. ಹಿರಿಯ ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಊರು ನಿಲ್ಲಿಸಿದಾಗ ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ ಎಂಬ ಎರಡು ಬೀದಿಗಳು ಮೊದಲು ಮೂಡಿದವು. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಕೋಟೆ ಅಳಿದರೂ ಅದರ ಪೂರ್ವ ಬಾಗಿಲಿನ ಹೆಸರು ಹಲಸೂರು ಗೇಟ್ ಎಂದು ಉಳಿದಿದೆ.

ಈ ಎರಡು ಬೀದಿಗಳ ಸುತ್ತ ಕಸುಬಿಗೊಂದು ಕೇರಿ ಬೆಳೆಯಿತು. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಅರಳೆಪೇಟೆಗಳು ಸರಕಿನ ಹೆಸರು ಹೊತ್ತವು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆಗಳು ದುಡಿಯುವವರ ಹೆಸರು ಹೊತ್ತವು. ನಗರ್ತಪೇಟೆ ವರ್ತಕರದು, ಕಬ್ಬನ್‌ಪೇಟೆ ನೇಕಾರರದು. 1638ರಲ್ಲಿ ಬಿಜಾಪುರದ ಸೈನ್ಯ ಬಂತು, ಊರು ಅದರ ಸರದಾರ ಶಹಾಜಿಯ ಜಹಗೀರಾಯಿತು. ಆ ಶತಮಾನ ಮುಗಿಯುವ ಮೊದಲೇ ಮೊಗಲರ ಕೈ ದಾಟಿ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಸೇರಿತು. 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆ ಮೊದಲು ಪೇಟೆಗೆ ನುಗ್ಗಿ, ಆಮೇಲೆ ಕೋಟೆಯನ್ನು ಹಿಡಿಯಿತು. 1800ರಲ್ಲಿ ಸಮೀಕ್ಷೆಗೆಂದು ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಇಲ್ಲಿನ ನೇಕಾರರ ಬಗ್ಗೆ, ಅಡಿಕೆ, ಮೆಣಸು, ಶ್ರೀಗಂಧದ ವ್ಯಾಪಾರದ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾನೆ. 1898ರಲ್ಲಿ ಪ್ಲೇಗು ಬಡಿದಾಗ ಅನೇಕ ಮನೆತನಗಳು ಬಸವನಗುಡಿ, ಮಲ್ಲೇಶ್ವರಗಳಿಗೆ ಹೋದವು. ಆದರೆ ಅಂಗಡಿಗಳು ಪೇಟೆಯಲ್ಲೇ ನಿಂತವು.

ಇಲ್ಲಿನ ವರ್ತಕರು ಗಳಿಸಿದ್ದನ್ನು ಊರಿಗೂ ಕೊಟ್ಟರು. ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿದ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರು ಕಟ್ಟಿಸಿದ ಛತ್ರ 1903ರಿಂದ ದೂರದೂರಿನವರಿಗೆ ತಂಗಲು ಜಾಗ ಕೊಟ್ಟಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದೂ ಇಂದು ಮಾರುಕಟ್ಟೆ ಇರುವ ಜಾಗದ ಆಸುಪಾಸಿನಲ್ಲೇ. ಒಂದು ಕಾಲಕ್ಕೆ ಸಿದ್ಧಿಕಟ್ಟೆ ಎನಿಸಿಕೊಂಡಿದ್ದ ಜಾಗದಲ್ಲಿ 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು.

ಇಂದು ಎಷ್ಟೋ ಬೀದಿಗಳ ಸರಕು ಬದಲಾಗಿದೆ. ಬಳೇಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂ ಸಿಗುತ್ತವೆ. ಸುಲ್ತಾನ್‌ಪೇಟೆಗೆ ಜನ ಬರುವುದು ಲಗ್ನಪತ್ರಿಕೆ ಅಚ್ಚು ಹಾಕಿಸಲು. ಸಾದರ ಪತ್ರಪ್ಪ ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗಗಳು. ಆದರೂ ಒಂದು ಬೀದಿಗೆ ಒಂದು ಸರಕು ಎಂಬ ಹಳೆಯ ಕ್ರಮ ಹಾಗೇ ಇದೆ. ಅದಕ್ಕೆ ಗಟ್ಟಿ ಕಾರಣವಿದೆ. ಹತ್ತು ಅಂಗಡಿಗಳು ಸಾಲಾಗಿ ಒಂದೇ ಮಾಲನ್ನು ಇಟ್ಟಾಗ ಗಿರಾಕಿ ನಾಲ್ಕು ಹೆಜ್ಜೆ ನಡೆದು ಬೆಲೆ ತಾಳೆ ನೋಡಬಹುದು. ಹಾಗಾಗಿ ಯಾರೊಬ್ಬರೂ ಮನಸ್ಸಿಗೆ ಬಂದ ಬೆಲೆ ಹೇಳಿ ದಕ್ಕಿಸಿಕೊಳ್ಳಲಾರರು. ಕೇಳಿದ ಬಣ್ಣ ತನ್ನಲ್ಲಿಲ್ಲದಿದ್ದರೆ ಅಂಗಡಿಯವನು ಹುಡುಗನನ್ನು ಪಕ್ಕದಂಗಡಿಗೆ ಓಡಿಸಿ ತರಿಸಿಕೊಡುತ್ತಾನೆ. ಪೈಪೋಟಿ, ನೆರೆಹೊರೆ ಎರಡೂ ಒಂದೇ ಗೋಡೆಯ ಆಚೀಚೆ ಬದುಕುತ್ತವೆ.

ಚಿಕ್ಕಪೇಟೆಯ ಹಲವು ರೇಷ್ಮೆ ಅಂಗಡಿಗಳು ಮಹಡಿಯ ಮೇಲಿವೆ. ಚಪ್ಪಲಿ ಬಿಟ್ಟು ಬಿಳಿ ಹಾಸಿನ ಮೇಲೆ ಕೂತರೆ ಒಂದರ ಮೇಲೊಂದು ಸೀರೆ ಬಿಚ್ಚುತ್ತಾರೆ. ಕೊಳ್ಳಬಂದ ಹಿರಿಯ ಹೆಂಗಸರು ಸೆರಗನ್ನು ಬೆಳಕಿಗೆ ಹಿಡಿದು, ಜರಿಯನ್ನು ಬೆರಳಲ್ಲಿ ತಡವಿ ನೋಡುತ್ತಾರೆ. ಆಮೇಲೆಯೇ ಚೌಕಾಸಿ. ಗ್ರಂಥಿಗೆ ಅಂಗಡಿಯವರಿಗೆ ಬಾಣಂತಿಗೆ ಏನು ಬೇಕು, ಗೃಹಪ್ರವೇಶಕ್ಕೆ ಏನು ಬೇಕು ಎಂಬ ಪಟ್ಟಿ ಬಾಯಿಪಾಠ. ಮಾರುಕಟ್ಟೆಯ ಹೂವಿನ ವ್ಯಾಪಾರ ಬೆಳಕು ಹರಿಯುವ ಮೊದಲೇ ಶುರು. ಸುತ್ತಲ ಜಿಲ್ಲೆಗಳಿಂದ, ಹೊಸೂರಿನ ಕಡೆಯಿಂದ ಸೇವಂತಿಗೆ, ಕನಕಾಂಬರ, ಮಲ್ಲಿಗೆ ಮೂಟೆಗಳಲ್ಲಿ ಬಂದಿಳಿಯುತ್ತವೆ. ಅಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡ ಹೂವನ್ನು ಬೀದಿಯ ಹೂವಾಡಗಿತ್ತಿ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುತ್ತಾಳೆ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ವ್ಯಾಪಾರಿಗಳಿಂದ ಎಷ್ಟೋ ಬಡ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು ಓದಿದ್ದಾರೆ.

ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ಈ ಬೀದಿಗಳಲ್ಲೇ ಸಾಗಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತದೆ. ವ್ಯಾಪಾರದ ಊರು ಎಲ್ಲರನ್ನೂ ಕೂಡಿಸಿಕೊಂಡೇ ಬಾಳಿತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

2017ರಿಂದ ಚಿಕ್ಕಪೇಟೆಗೂ ಮಾರುಕಟ್ಟೆಗೂ ಮೆಟ್ರೊ ಇದೆ. ಹೋಗುವುದು ಸುಲಭ, ಅಲ್ಲಿ ನಡೆಯುವುದೇ ಕಷ್ಟ. ಹಮಾಲಿಯ ತಲೆಹೊರೆ, ತಳ್ಳುಗಾಡಿ, ಸ್ಕೂಟರು, ಪಾದಚಾರಿ ಎಲ್ಲರಿಗೂ ಇರುವುದು ಅದೇ ಇಕ್ಕಟ್ಟಿನ ದಾರಿ. ಬೀದಿ ವ್ಯಾಪಾರಿಗಳ ಬದುಕನ್ನು ಕಾಯಲು 2014ರ ಕಾಯಿದೆ ಇದೆ. ಅದರಂತೆ ಅವರಿಗೆ ಕೂರಲು ಜಾಗ ಗುರುತಿಸಬೇಕು, ನಡೆಯುವವರಿಗೂ ದಾರಿ ಬಿಡಿಸಬೇಕು. ಇದು ಆಡಳಿತದ ಕೆಲಸ. ನಮ್ಮ ಕೆಲಸ ಇನ್ನೂ ಸರಳ. ಮದುವೆಯ ಸೀರೆಗೋ, ಹಬ್ಬದ ಹೂವಿಗೋ, ಮಗುವಿನ ಪುಸ್ತಕಕ್ಕೋ ವರ್ಷಕ್ಕೆ ಕೆಲವು ಬಾರಿಯಾದರೂ ಪೇಟೆಗೆ ಹೋಗಿ, ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಕೊಳ್ಳುವವರು ಬರುತ್ತಿರುವವರೆಗೂ ಪೇಟೆ ಬದುಕಿರುತ್ತದೆ.