ಮಾದರಿ ಪರೀಕ್ಷೆಗಳ ಸ್ವಯಂಚಾಲಿತ ಸಿದ್ಧತೆ (ಸ್ಪರ್ಧಾತ್ಮಕ ಪ್ರೋಗ್ರಾಮಿಂಗ್)

ಮಾದರಿ ಪರೀಕ್ಷೆಗಳ ಸ್ವಯಂಚಾಲಿತ ಸಿದ್ಧತೆ ಎಂಬುದು ಸ್ಪರ್ಧಾತ್ಮಕ ಪ್ರೋಗ್ರಾಮಿಂಗ್‌ನಲ್ಲಿ ಬಳಕೆಯಲ್ಲಿರುವ ಒಂದು ವಿಧಾನ. ಸಮಸ್ಯೆಯ ಪುಟದಲ್ಲಿ ಕೊಟ್ಟಿರುವ ಮಾದರಿ ಇನ್‌ಪುಟ್ ಮತ್ತು ಔಟ್‌ಪುಟ್‌ಗಳನ್ನು ಕೈಯಿಂದ ನಕಲು ಮಾಡದೆ, ತಂತ್ರಾಂಶದ ನೆರವಿನಿಂದ ಸ್ಪರ್ಧಿಯ ಗಣಕಯಂತ್ರದಲ್ಲಿ ಕಡತಗಳಾಗಿ ಉಳಿಸಿ, ಬರೆದ ಪ್ರೋಗ್ರಾಮನ್ನು ಅವುಗಳ ಮೇಲೆ ಓಡಿಸಿ, ಬಂದ ಉತ್ತರವನ್ನು ಹೋಲಿಸಿ ನೋಡಲಾಗುತ್ತದೆ.

ಹಿನ್ನೆಲೆ

ಕೋಡ್‌ಫೋರ್ಸಸ್, ಜಪಾನಿನ ಅಟ್‌ಕೋಡರ್, ಭಾರತದ ಕೋಡ್‌ಶೆಫ್ ಮೊದಲಾದ ತಾಣಗಳಲ್ಲಿ ಪ್ರತಿ ಸಮಸ್ಯೆಯ ಜೊತೆಗೆ ಒಂದೆರಡು ಮಾದರಿಗಳಿರುತ್ತವೆ. ಎರಡು ಗಂಟೆಯ ಸ್ಪರ್ಧೆಯಲ್ಲಿ ಐದಾರು ಸಮಸ್ಯೆಗಳ ಮಾದರಿಗಳನ್ನು ನಕಲಿಸುವುದು ಸಮಯವನ್ನು ತಿನ್ನುತ್ತದೆ. ಒಂದು ಸಾಲು ಬಿಟ್ಟುಹೋದರೆ ಸರಿಯಾದ ಪ್ರೋಗ್ರಾಮೇ ತಪ್ಪೆಂದು ತೋರುತ್ತದೆ. ಬೇಸರಪಟ್ಟು ಪರೀಕ್ಷಿಸದೆ ಸಲ್ಲಿಸುವುದಂತೂ ಇನ್ನೂ ದುಬಾರಿ. ಐಸಿಪಿಸಿ ನಿಯಮದಂತೆ, ಕೊನೆಗೆ ಬಿಡಿಸಿದ ಸಮಸ್ಯೆಯ ಪ್ರತಿಯೊಂದು ತಪ್ಪು ಸಲ್ಲಿಕೆಗೂ 20 ನಿಮಿಷಗಳ ದಂಡ ಬೀಳುತ್ತದೆ.

ಕಾರ್ಯವಿಧಾನ

ಎರಡು ಮಾರ್ಗಗಳು ರೂಢಿಯಲ್ಲಿವೆ. ಪೈಥಾನ್‌ನಲ್ಲಿ ಬರೆದ ಆನ್‌ಲೈನ್ ಜಡ್ಜ್ ಟೂಲ್ಸ್‌ನಂತಹ ಸಾಧನಕ್ಕೆ ಸಮಸ್ಯೆಯ ವಿಳಾಸವನ್ನು ಕೊಟ್ಟರೆ ಅದೇ ಪುಟವನ್ನು ತರಿಸಿ ಮಾದರಿಗಳನ್ನು ಕಡತಗಳಲ್ಲಿ ಇಡುತ್ತದೆ. ಮತ್ತೊಂದು ಆಜ್ಞೆಯಿಂದ ಪರೀಕ್ಷೆ ನಡೆಯುತ್ತದೆ. ಎರಡನೆಯದು ಕಾಂಪಿಟಿಟಿವ್ ಕಂಪ್ಯಾನಿಯನ್ ಎಂಬ ಬ್ರೌಸರ್ ವಿಸ್ತರಣೆ. ಇದರ ಗುಂಡಿಯನ್ನು ಒತ್ತಿದಾಗ, ತೆರೆದಿರುವ ಪುಟದಿಂದ ಸಮಸ್ಯೆಯ ಹೆಸರು, ಕಾಲಮಿತಿ, ಮೆಮೊರಿ ಮಿತಿ ಮತ್ತು ಮಾದರಿಗಳನ್ನು ಹೆಕ್ಕಿ, ಜೇಸನ್ ರೂಪದಲ್ಲಿ ಅದೇ ಗಣಕಯಂತ್ರದ ನಿರ್ದಿಷ್ಟ ಪೋರ್ಟ್‌ಗಳಿಗೆ ಕಳುಹಿಸುತ್ತದೆ. ಅಲ್ಲಿ ಕಾದಿರುವ ಸಾಧನ, ಉದಾಹರಣೆಗೆ ವಿಎಸ್ ಕೋಡ್‌ನ ಸಿಪಿಎಚ್, ಅದನ್ನು ಸ್ವೀಕರಿಸುತ್ತದೆ. ಬಳಕೆದಾರ ಈಗಾಗಲೇ ಪ್ರವೇಶಿಸಿರುವ ಪುಟವನ್ನೇ ಓದುವುದರಿಂದ ಪ್ರತ್ಯೇಕವಾಗಿ ಗುಪ್ತಪದ ಕೊಡಬೇಕಾಗಿಲ್ಲ. ಇದು ಸಣ್ಣ ಅನುಕೂಲವಲ್ಲ.

ಪುಟದ ರಚನೆ ಬದಲಾದಾಗ ಇಂತಹ ಸಾಧನಗಳು ಕೆಡುವುದುಂಟು. ಕೋಡ್‌ಫೋರ್ಸಸ್ ತನ್ನ ಮಾದರಿ ಇನ್‌ಪುಟ್‌ನ ಪ್ರತಿ ಸಾಲನ್ನೂ ಬೇರೆ ಬೇರೆ ಅಂಶವನ್ನಾಗಿ ಮಾಡಿ, ಒಳಗಿನ ಪರೀಕ್ಷೆಗಳಿಗೆ ಒಂದು ಬಿಟ್ಟು ಒಂದರಂತೆ ಹಿನ್ನೆಲೆ ಬಣ್ಣ ಕೊಟ್ಟಿತು. ಓದುವವರ ಕಣ್ಣಿಗೆ ಇದರಿಂದ ಹಿತವಾಯಿತು. ಹಳೆಯ ರಚನೆಯನ್ನು ನಂಬಿದ್ದ ಪ್ರೋಗ್ರಾಮುಗಳನ್ನು ಮಾತ್ರ ತಿದ್ದಬೇಕಾಯಿತು.

ಮಿತಿಗಳು

ಮಾದರಿಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಪ್ರೋಗ್ರಾಮು ಸರಿ ಎಂದಾಗುವುದಿಲ್ಲ. ಕೋಡ್‌ಫೋರ್ಸಸ್‌ನ ಪ್ರಸಿದ್ಧ ‘ವಾಟರ್‌ಮೆಲನ್’ ಸಮಸ್ಯೆಯಲ್ಲಿ, ಕಲ್ಲಂಗಡಿಯನ್ನು ಸಮಸಂಖ್ಯೆಯ ಕಿಲೋ ತೂಗುವ ಎರಡು ಭಾಗಗಳಾಗಿ ಹಂಚಬಹುದೇ ಎಂಬುದು ಪ್ರಶ್ನೆ. ಅಲ್ಲಿರುವ ಮಾದರಿ ಒಂದೇ: ತೂಕ 8, ಉತ್ತರ ‘ಹೌದು’. ‘ಸಮಸಂಖ್ಯೆಯಾದರೆ ಹೌದು’ ಎಂದಷ್ಟೇ ಬರೆದವರೂ ಇದರಲ್ಲಿ ಗೆಲ್ಲುತ್ತಾರೆ. ಆದರೆ ತೂಕ 2 ಆದಾಗ ಭಾಗಗಳು 1 ಮತ್ತು 1, ಉತ್ತರ ‘ಇಲ್ಲ’. ಇಂತಹ ಅಂಚಿನ ಪ್ರಸಂಗಗಳನ್ನು ಸ್ಪರ್ಧಿಯೇ ಯೋಚಿಸಿ ಸೇರಿಸಬೇಕು.

ಹಲವು ಸರಿ ಉತ್ತರಗಳಿರುವ ಸಮಸ್ಯೆಗಳಲ್ಲಿ ಅಕ್ಷರಶಃ ಹೋಲಿಕೆ ಸಾಲದು, ಪ್ರತ್ಯೇಕ ಪರಿಶೀಲಕ ಬೇಕು. ದಶಮಾಂಶ ಉತ್ತರಗಳಿಗೆ ಅನುಮತಿಸಿದ ವ್ಯತ್ಯಾಸವನ್ನು ತಿಳಿಸಬೇಕು. ಪ್ರೋಗ್ರಾಮು ಪ್ರಶ್ನೆ ಕೇಳಿ ಉತ್ತರ ಪಡೆಯುತ್ತಾ ಸಾಗುವ ಸಂವಾದಾತ್ಮಕ ಸಮಸ್ಯೆಗಳಿಗೆ ಉಳಿಸಿದ ಕಡತಗಳು ಹೆಚ್ಚಿನ ಉಪಯೋಗಕ್ಕೆ ಬರುವುದಿಲ್ಲ. ಐಸಿಪಿಸಿಯಂತೆ ಸಂಘಟಕರ ಯಂತ್ರಗಳಲ್ಲೇ ನಡೆಯುವ ಸ್ಪರ್ಧೆಗಳಲ್ಲಿ ಸ್ವಂತ ವಿಸ್ತರಣೆಗಳನ್ನು ಹಾಕಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿಲ್ಲ. ಅಲ್ಲಿ ಭಾಗವಹಿಸುವ ವಿದ್ಯಾರ್ಥಿಗಳು ಇನ್‌ಪುಟ್ ಕಡತವನ್ನು ಕೈಯಿಂದ ಸಿದ್ಧಪಡಿಸಿ ಪರೀಕ್ಷಿಸುವುದನ್ನೂ ಅಭ್ಯಾಸ ಮಾಡಿಕೊಂಡಿರುತ್ತಾರೆ.